ಹಳೇ ಮಾರುತಿ 800 ಮನೆಯಲ್ಲೇ ನೋಡಿಕೊಳ್ಳುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾರುತಿ 800 ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ಬಿಎಸ್-4 ನಿಯಮ ಬಂದ 2010ರಲ್ಲೇ ಹೊಸ ಗಾಡಿಯ ಮಾರಾಟ ನಿಂತಿತ್ತು. ಹಾಗಾಗಿ ಈಗ ರಸ್ತೆಯಲ್ಲಿ ಓಡುತ್ತಿರುವ 800 ಪ್ರತಿಯೊಂದೂ ಹಳೇ ಗಾಡಿಯೇ. ಆದರೆ ಮನೆಯಂಗಳದಲ್ಲಿ ಕೈಯಾರೆ ರಿಪೇರಿ ಕಲಿಯಲು ಇದರಷ್ಟು ಒಳ್ಳೆಯ ಕಾರು ನಮ್ಮಲ್ಲಿ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ. 796 ಸಿಸಿಯ ಮೂರು ಸಿಲಿಂಡರಿನ ಚಿಕ್ಕ ಇಂಜಿನ್. ಬಾನೆಟ್ ಎತ್ತಿದರೆ ಬೇಕಾದದ್ದೆಲ್ಲ ಕಣ್ಣಿಗೆ ಕಾಣುತ್ತದೆ, ಕೈಗೂ ಎಟುಕುತ್ತದೆ. ಓಮ್ನಿ ಇರುವವರಿಗೂ ಇಂಜಿನ್ನಿನ ಬಗ್ಗೆ ಹೇಳಿದ್ದು ಬಹುಪಾಲು ಹೊಂದುತ್ತದೆ.

ಕೆಳಗಿನ ಉತ್ತರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಪಾರ್ಟ್ ಬದಲಿಸುವ ಮೊದಲು ಕಾರಣ ಹುಡುಕಿ. ಹಳೇ ಗಾಡಿಯ ಕಾಯಿಲೆಗಳಲ್ಲಿ ಹೆಚ್ಚಿನವು ಒಣಗಿದ ರಬ್ಬರ್, ಕೆಟ್ಟ ಅರ್ತ್ (ಬ್ಯಾಟರಿಯ ನೆಗೆಟಿವ್ ಕಡೆಯಿಂದ ಬಾಡಿಗೂ ಇಂಜಿನ್ನಿಗೂ ಹೋಗುವ ಕೇಬಲ್ಲಿನ ಸಂಪರ್ಕ), ಕೂತ ಕೊಳೆ, ಈ ಮೂರರಿಂದಲೇ ಬರುತ್ತವೆ. ಇವು ಮೂರೂ ಅಗ್ಗದ ಕೆಲಸಗಳು. ಅವನ್ನು ನೋಡದೆ ದುಬಾರಿ ಪಾರ್ಟಿಗೆ ಕೈಹಾಕುವುದರಿಂದಲೇ ಜನ ಹಳೇ ಗಾಡಿಯ ಮೇಲೆ ಬೇಸರಪಟ್ಟು ಗುಜರಿಗೆ ಹಾಕುತ್ತಾರೆ.

ನನಗೆ ಮೆಕ್ಯಾನಿಕ್ ಕೆಲಸದ ಗಂಧವೇ ಇಲ್ಲ. ಎಲ್ಲಿಂದ ಶುರು ಮಾಡಲಿ?

ನೋಡುವುದರಿಂದ. ವಾರಕ್ಕೊಮ್ಮೆ, ಇಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ ಆಯಿಲ್ ಮಟ್ಟ, ಕೂಲೆಂಟ್ ಮಟ್ಟ, ಬ್ರೇಕ್ ಆಯಿಲ್ ಮಟ್ಟ, ಬ್ಯಾಟರಿ ಟರ್ಮಿನಲ್, ಬೆಲ್ಟ್, ಹೋಸ್‌ಗಳನ್ನು ನೋಡಿ. ಗಾಡಿ ನಿಂತ ಜಾಗದಲ್ಲಿ ಬೆಳಿಗ್ಗೆ ಯಾವ ಬಣ್ಣದ ಹನಿ ಬಿದ್ದಿದೆ ನೋಡಿ. ಕಪ್ಪು ಅಥವಾ ಕಂದು ಇಂಜಿನ್ ಆಯಿಲ್. ಹಸಿರೋ ನೀಲಿಯೋ ಆಗಿದ್ದರೆ ಕೂಲೆಂಟ್. ಗಾಲಿಯ ಒಳಮೈಯಲ್ಲಿ ಒದ್ದೆ ಇದ್ದರೆ ಬ್ರೇಕ್ ಆಯಿಲ್ ಇರಬಹುದು, ಅಂಥ ಗಾಡಿಯನ್ನು ಹೊರಗೆ ತೆಗೆಯಬೇಡಿ. ಒಂದೆರಡು ತಿಂಗಳು ಹೀಗೆ ನೋಡಿದರೆ ನಿಮ್ಮ ಗಾಡಿ ಸರಿಯಿದ್ದಾಗ ಹೇಗಿರುತ್ತದೆ ಎಂಬುದು ಮನಸ್ಸಿನಲ್ಲಿ ಕೂರುತ್ತದೆ. ಅದು ಗೊತ್ತಿದ್ದವರಿಗೆ ಕೆಟ್ಟಾಗ ಏನು ಬದಲಾಗಿದೆ ಎಂದು ಬೇಗ ತಿಳಿಯುತ್ತದೆ.

ಆಮೇಲೆ ಏರ್ ಫಿಲ್ಟರ್, ಪ್ಲಗ್, ಆಯಿಲ್, ಕೂಲೆಂಟ್, ಈ ಕ್ರಮದಲ್ಲಿ ಕೈಹಾಕಿ. ಬ್ರೇಕಿಗೆ ಕೊನೆಯಲ್ಲಿ ಬನ್ನಿ, ಅದೂ ಮೊದಲ ಸಲ ಗೊತ್ತಿರುವವರು ಪಕ್ಕದಲ್ಲಿರುವಾಗ.

ಯಾವ ಟೂಲ್ಸ್ ಕೊಂಡುಕೊಳ್ಳಬೇಕು?

ದೊಡ್ಡ ಪೆಟ್ಟಿಗೆಯ ಅಗತ್ಯವಿಲ್ಲ. 8, 10, 12, 14, 17, 19ರ ರಿಂಗ್ ಮತ್ತು ಡಬಲ್ ಎಂಡ್ ಸ್ಪ್ಯಾನರ್, ಒಂದು ಸಾಧಾರಣ ಸಾಕೆಟ್ ಸೆಟ್, ಪ್ಲಗ್ ಪಾನಾ, ದೊಡ್ಡದೂ ಸಣ್ಣದೂ ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಫೀಲರ್ ಗೇಜ್ (ಸಣ್ಣ ಸಂದು ಅಳೆಯುವ ತೆಳು ಪಟ್ಟಿಗಳು), ಡಿಜಿಟಲ್ ಮಲ್ಟಿಮೀಟರ್. ಕಡಿಮೆ ಟೂಲ್ಸ್ ಕೊಂಡರೂ ಒಳ್ಳೆಯವನ್ನೇ ಕೊಳ್ಳಿ. ಕೆಟ್ಟ ಸ್ಪ್ಯಾನರ್ ನಟ್ಟಿನ ಮೂಲೆ ತಿಂದುಹಾಕಿದರೆ ಐದು ನಿಮಿಷದ ಕೆಲಸ ಅರ್ಧ ದಿನದ್ದಾಗುತ್ತದೆ. ಬಿಗಿಯಾದ ನಟ್ಟಿಗೆ ಮೊದಲು ರಿಂಗ್ ಸ್ಪ್ಯಾನರನ್ನೇ ಹಾಕಿ, ಬಾಯಿ ತೆರೆದ ಸ್ಪ್ಯಾನರ್ ಬೇಡ.

ಇವುಗಳಲ್ಲಿ ಮಲ್ಟಿಮೀಟರ್ ಒಂದನ್ನು ಬಿಡಬೇಡಿ. ಅದು ಉಳಿಸುವಷ್ಟು ದುಡ್ಡನ್ನು ಬೇರೆ ಯಾವ ಟೂಲೂ ಉಳಿಸುವುದಿಲ್ಲ.

ಗಾಡಿ ಜೊತೆ ಬಂದ ಜಾಕಿ ಇದೆ. ಅದನ್ನು ಕೊಟ್ಟು ಕೆಳಗೆ ಮಲಗಿ ಕೆಲಸ ಮಾಡಬಹುದಾ?

ಬೇಡ. ಯಾವ ಕಾರಣಕ್ಕೂ ಬೇಡ. ಆ ಜಾಕಿ ಸ್ಟೆಪ್ನಿ ಬದಲಿಸಲು ಮಾತ್ರ ಇರುವುದು. ಹೈಡ್ರಾಲಿಕ್ ಜಾಕಿಯೂ ಸೀಲ್ ಹೋದರೆ ಕ್ಷಣದಲ್ಲಿ ಕುಸಿಯುತ್ತದೆ. ಗಾಡಿಯ ಕೆಳಗೆ ತಲೆ ಅಥವಾ ಎದೆ ಹೋಗುವುದಾದರೆ ಎರಡು ಆಕ್ಸಲ್ ಸ್ಟ್ಯಾಂಡ್ (ಎತ್ತಿದ ಗಾಡಿಯನ್ನು ಹೊತ್ತು ನಿಲ್ಲುವ ಕಬ್ಬಿಣದ ಕಾಲು) ಬೇಕೇಬೇಕು, ನೆಲ ಸಮತಟ್ಟಾಗಿ ಗಟ್ಟಿಯಾಗಿರಬೇಕು, ನೆಲದ ಮೇಲಿರುವ ಗಾಲಿಗಳಿಗೆ ಎರಡೂ ಕಡೆ ಅಡ್ಡ ಕೊಟ್ಟಿರಬೇಕು. ಹಾಲೋ ಬ್ಲಾಕ್, ಇಟ್ಟಿಗೆ, ಗುಂಡುಕಲ್ಲು ಇವು ಯಾವುವೂ ಸ್ಟ್ಯಾಂಡ್ ಅಲ್ಲ. ಭಾರ ಬಿದ್ದಾಗ ಹಾಲೋ ಬ್ಲಾಕ್ ಮುನ್ಸೂಚನೆಯಿಲ್ಲದೆ ಒಡೆಯುತ್ತದೆ. ಬಿಚ್ಚಿದ ಗಾಲಿಯನ್ನು ಬಾಡಿಯ ಅಂಚಿನ ಕೆಳಗೆ ಮಲಗಿಸಿಡಿ, ಅದು ಎರಡನೇ ಕಾವಲು. ಮಣ್ಣಿನ ಅಂಗಳವಾದರೆ ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ ಹಾಕಿ. ಕೆಲಸ ಮಾಡುವಾಗ ಮನೆಯಲ್ಲಿ ಯಾರಿಗಾದರೂ ಹೇಳಿರಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಸ್ಟ್ಯಾಂಡ್ ಕೊಳ್ಳಲು ದುಡ್ಡಿಲ್ಲದಿದ್ದರೆ ಆ ಕೆಲಸವನ್ನು ಗ್ಯಾರೇಜಿಗೆ ಬಿಡಿ.

ಸೆಕೆಂಡ್ ಹ್ಯಾಂಡ್ 800 ತಗೊಂಡೆ. ಹಿಂದಿನವರು ಏನು ಮಾಡಿಸಿದ್ದಾರೋ ಗೊತ್ತಿಲ್ಲ. ಮೊದಲು ಏನೇನು ಬದಲಿಸಲಿ?

ದಾಖಲೆ ಇಲ್ಲದಿದ್ದರೆ ಯಾವುದೂ ಆಗಿಲ್ಲ ಎಂದೇ ಹಿಡಿಯಿರಿ. ಇಂಜಿನ್ ಆಯಿಲ್ ಮತ್ತು ಫಿಲ್ಟರ್, ಗೇರ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್, ಏರ್ ಫಿಲ್ಟರ್, ಪೆಟ್ರೋಲ್ ಫಿಲ್ಟರ್, ಪ್ಲಗ್, ಫ್ಯಾನ್ ಬೆಲ್ಟ್, ಟೈಮಿಂಗ್ ಬೆಲ್ಟ್ (ಇಂಜಿನ್ನಿನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಹಲ್ಲಿನ ಬೆಲ್ಟ್). ಪೆಟ್ರೋಲ್ ಹೋಸ್ ಮತ್ತು ರೇಡಿಯೇಟರ್ ಹೋಸ್‌ಗಳನ್ನು ಬೆರಳಿನಿಂದ ಹಿಸುಕಿ ನೋಡಿ. ಬಿರುಕು ಕಂಡರೂ, ಮೆತ್ತಗಾಗಿ ಊದಿದ್ದರೂ, ಕಡ್ಡಿಯ ಹಾಗೆ ಗಟ್ಟಿಯಾಗಿದ್ದರೂ ಬದಲಿಸಿ.

ಟೈರ್‌ನಲ್ಲಿ ಗ್ರಿಪ್ ಇದೆ ಎಂದು ಸುಮ್ಮನಾಗಬೇಡಿ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಒತ್ತಿರುತ್ತಾರೆ. 2318 ಎಂದಿದ್ದರೆ 2018ರ 23ನೇ ವಾರ ತಯಾರಾದದ್ದು ಎಂದರ್ಥ. ಕಡಿಮೆ ಓಡುವ ಹಳೇ ಗಾಡಿಗಳಲ್ಲಿ ಟೈರ್ ಸವೆಯುವ ಮೊದಲೇ ರಬ್ಬರ್ ಸತ್ತಿರುತ್ತದೆ. ಆ ಬಿರುಕುಬಿಟ್ಟ ಟೈರಿನ ಮೇಲೆ ಹೈವೇಗೆ ಹೋಗುವುದು ಬೇಡ.

ಬದಲಿಸಿದ ದಿನಾಂಕ, ಓಡಿದ ಕಿಲೋಮೀಟರ್, ಪಾರ್ಟಿನ ಬೆಲೆ ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಗಾಡಿಯಲ್ಲೇ ಇಡಿ.

ಇಂಜಿನ್ ಆಯಿಲ್ ಯಾವುದು ಹಾಕಲಿ? ಎಷ್ಟು ಹಿಡಿಯುತ್ತೆ?

ನಮ್ಮ ಹವೆಗೆ ಹಳೇ ಕಾರ್ಬುರೇಟರ್ ಗಾಡಿಗೆ 20ಡಬ್ಲ್ಯು-40 ಮಿನರಲ್ ಆಯಿಲ್ ಚೆನ್ನಾಗಿ ನಡೆಯುತ್ತದೆ. ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಮಾದರಿ) ಗಾಡಿಗೆ ಅದರ ಮಾಲೀಕರ ಕೈಪಿಡಿಯಲ್ಲಿ ಹೇಳಿರುವ ಗ್ರೇಡ್ ಹಾಕಿ. ದುಬಾರಿ ಸಿಂಥೆಟಿಕ್ ಹಾಕಿ ವರ್ಷಗಟ್ಟಲೆ ಬಿಡುವುದಕ್ಕಿಂತ ಸಾಧಾರಣ ಆಯಿಲನ್ನು 5,000 ಕಿ.ಮೀ.ಗೊಮ್ಮೆ ತಪ್ಪದೆ ಬದಲಿಸುವುದು ಈ ಇಂಜಿನ್ನಿಗೆ ಮೇಲು. ಗಾಡಿ ಓಡದಿದ್ದರೂ ವರ್ಷಕ್ಕೊಮ್ಮೆ ಬದಲಿಸಿ.

ಸ್ವಲ್ಪ ದೂರ ಓಡಿಸಿ ಆಯಿಲ್ ಬೆಚ್ಚಗಾದ ಮೇಲೆ ಡ್ರೈನ್ ಬೋಲ್ಟ್ ಬಿಚ್ಚಿ. ಬಿಸಿ ಆಯಿಲ್ ಕೈ ಸುಡುತ್ತದೆ, ಎಚ್ಚರ. ಹೊಸ ಫಿಲ್ಟರಿನ ರಬ್ಬರ್ ರಿಂಗಿಗೆ ಬೆರಳಿನಿಂದ ಆಯಿಲ್ ಸವರಿ, ಕೈಯಲ್ಲೇ ಬಿಗಿ ಮಾಡಿ. ಹಳೇ ಫಿಲ್ಟರಿನ ರಿಂಗ್ ಇಂಜಿನ್ನಿಗೆ ಅಂಟಿಕೊಂಡು ಉಳಿದಿಲ್ಲ ಎಂದು ನೋಡಿಕೊಳ್ಳಿ; ಎರಡು ರಿಂಗ್ ಒಂದರ ಮೇಲೊಂದು ಕೂತರೆ ಆಯಿಲ್ ಪೂರ್ತಿ ಹೊರಗೆ ಚೆಲ್ಲುತ್ತದೆ. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ, ಹದವಾಗಿ ಬಿಗಿ ಮಾಡಿ. ಮೊದಲು ಎರಡೂವರೆ ಲೀಟರ್ ಸುರಿದು, ಇಂಜಿನ್ ಒಂದು ನಿಮಿಷ ಓಡಿಸಿ ನಿಲ್ಲಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡುತ್ತ ಉಳಿದದ್ದನ್ನು ಹಾಕಿ. ಮೇಲಿನ ಗೆರೆ ದಾಟಬಾರದು. ಹೆಚ್ಚಾದ ಆಯಿಲ್ ನೊರೆಯಾಗುತ್ತದೆ, ಸೀಲುಗಳನ್ನು ಒತ್ತುತ್ತದೆ.

ಗೇರ್ ಬಾಕ್ಸಿಗೆ ಜಿಎಲ್-4 ದರ್ಜೆಯ ಗೇರ್ ಆಯಿಲ್ ಕೇಳಿ ತಗೊಳ್ಳಿ. ಅಂಗಡಿಯವರು ಕೊಟ್ಟದ್ದನ್ನು ಸುರಿಯಬೇಡಿ.

ಬೆಳಿಗ್ಗೆ ಕೀ ತಿರುಗಿಸಿದರೆ ಟಕ್ ಅನ್ನುತ್ತೆ, ಸೆಲ್ಫ್ ತಿರುಗಲ್ಲ. ಬ್ಯಾಟರಿ ಹೋಯ್ತು ಅಂತ ಹೇಳ್ತಾರೆ. ಹೊಸದು ಹಾಕಲಾ?

ಹತ್ತು ನಿಮಿಷ ಕೊಡಿ, ಮೊದಲು ಅಳೆಯೋಣ.

ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬ್ಯಾಟರಿಯ ಎರಡು ಕಂಬಗಳಿಗೆ ಮಲ್ಟಿಮೀಟರ್ ಇಡಿ. 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ. 12.2ರ ಹತ್ತಿರ ಇದ್ದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಖಾಲಿ ಎನ್ನಬಹುದು. ಚಾರ್ಜ್ ಮಾಡಿಸಿ ಮತ್ತೆ ನೋಡಿ. ಈಗ ಒಬ್ಬರು ಸೆಲ್ಫ್ ಹೊಡೆಯಲಿ, ನೀವು ಮೀಟರ್ ನೋಡಿ. ಚಾರ್ಜ್ ಇದ್ದ ಬ್ಯಾಟರಿ ಸೆಲ್ಫ್ ಹೊಡೆಯುವಾಗ 9.6 ವೋಲ್ಟ್‌ಗಿಂತ ಕೆಳಗೆ ಬಿದ್ದರೆ ಬ್ಯಾಟರಿಯ ಮೇಲೇ ಅನುಮಾನ. 12ರ ಹತ್ತಿರವೇ ನಿಂತು ಸೆಲ್ಫ್ ಮಾತ್ರ ತಿರುಗದಿದ್ದರೆ ಬ್ಯಾಟರಿ ತಪ್ಪಲ್ಲ, ಕರೆಂಟ್ ಸೆಲ್ಫಿಗೆ ತಲುಪುತ್ತಿಲ್ಲ ಅಥವಾ ಸೆಲ್ಫೇ ಕೆಟ್ಟಿದೆ.

ಇಲ್ಲಿ ಅರ್ತ್ ಬರುತ್ತದೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ (ಕ್ಲ್ಯಾಂಪಿನ ಮೇಲಲ್ಲ, ಕಂಬದ ಮೇಲೆ), ಇನ್ನೊಂದು ಇಂಜಿನ್ನಿನ ಬರಿ ಲೋಹದ ಮೇಲೆ ಇಟ್ಟು ಸೆಲ್ಫ್ ಹೊಡೆಸಿ. ಅಲ್ಲಿ ಅರ್ಧ ವೋಲ್ಟೋ ಒಂದು ವೋಲ್ಟೋ ತೋರಿಸಿದರೆ ಅರ್ತ್ ಕೇಬಲ್ ಕೆಟ್ಟಿದೆ. ಚೆನ್ನಾಗಿದ್ದರೆ 0.2ರ ಆಸುಪಾಸು ಇರಬೇಕು. ಕೇಬಲ್ ಬಿಚ್ಚಿ, ಬಾಡಿಗೂ ಗೇರ್ ಬಾಕ್ಸಿಗೂ ಅದು ಕೂರುವ ಜಾಗವನ್ನು ಎಮರಿ ಪೇಪರಿನಲ್ಲಿ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ. ಟರ್ಮಿನಲ್ ಮೇಲಿನ ಬಿಳಿ, ಹಸಿರು ಬೂಸ್ಟನ್ನು ಬಿಸಿನೀರು ಮತ್ತು ಅಡುಗೆ ಸೋಡಾದಿಂದ ತೊಳೆಯಿರಿ; ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್, ಕೂರಿಸುವಾಗ ಕೊನೆಗೆ ನೆಗೆಟಿವ್. ಹೊಸ ಬ್ಯಾಟರಿಗೆಂದು ಅಂಗಡಿಗೆ ಹೋಗುವ ಮೊದಲು ಈ ಒಂದು ಅರ್ತ್ ಕೇಬಲ್ಲನ್ನು ನೋಡಿಬಿಡಿ.

ಗಾಡಿ ಸ್ಟಾರ್ಟ್ ಆದ ಮೇಲೆ ಮತ್ತೆ ಬ್ಯಾಟರಿಯ ಮೇಲೆ ಮೀಟರ್ ಇಡಿ. 13.8ರಿಂದ 14.4ರವರೆಗೆ ಇದ್ದರೆ ಡೈನಮೋ ಚೆನ್ನಾಗಿ ಚಾರ್ಜ್ ಕೊಡುತ್ತಿದೆ. 12.5ರಲ್ಲೇ ನಿಂತಿದ್ದರೆ ಹೊಸ ಬ್ಯಾಟರಿ ಹಾಕಿದರೂ ಎರಡೇ ದಿನಕ್ಕೆ ಅದೂ ಮಲಗುತ್ತದೆ. ಬೆಲ್ಟ್ ಸಡಿಲವಾಗಿದೆಯೇ, ಡೈನಮೋ ಹಿಂದಿನ ವೈರ್ ಸಡಿಲವೇ ನೋಡಿ. 15 ದಾಟಿದರೆ ರೆಗ್ಯುಲೇಟರ್ ಹೋಗಿದೆ, ಬ್ಯಾಟರಿಯ ನೀರು ಕುದಿದು ಆರಿಹೋಗುತ್ತದೆ.

ಸೆಲ್ಫ್ ಚೆನ್ನಾಗಿ ತಿರುಗುತ್ತೆ, ಇಂಜಿನ್ ಮಾತ್ರ ಹಿಡಿಯಲ್ಲ.

ಇಂಜಿನ್ನಿಗೆ ಬೇಕಾದದ್ದು ಪೆಟ್ರೋಲ್, ಗಾಳಿ, ಸರಿಯಾದ ಹೊತ್ತಿಗೆ ಕಿಡಿ. ಕಾರ್ಬುರೇಟರ್ ಗಾಡಿಯಲ್ಲಿ ಒಂದು ಪ್ಲಗ್ ಬಿಚ್ಚಿ, ವೈರ್ ಸಿಕ್ಕಿಸಿ, ಅದರ ಲೋಹದ ಮೈ ಇಂಜಿನ್ನಿಗೆ ತಾಗಿರುವಂತೆ ಇಟ್ಟು ಸೆಲ್ಫ್ ಹೊಡೆಸಿ. ಹತ್ತಿರ ಪೆಟ್ರೋಲ್ ಇರಬಾರದು, ವೈರನ್ನು ಬರಿಗೈಯಲ್ಲಿ ಹಿಡಿಯಬಾರದು. ನೀಲಿ ಕಿಡಿ ಟಪ್ ಟಪ್ ಎಂದು ಬಂದರೆ ಇಗ್ನಿಷನ್ ಸರಿ. ಕಿಡಿಯೇ ಇಲ್ಲದಿದ್ದರೆ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚುವ ಭಾಗ) ಕ್ಯಾಪ್ ತೆಗೆದು ಒಳಗೆ ನೋಡಿ: ಮಳೆಗಾಲದಲ್ಲಿ ತೇವ, ಕ್ಯಾಪಿನಲ್ಲಿ ಕೂದಲೆಳೆಯ ಬಿರುಕು, ಸವೆದ ರೋಟರ್. ಪಾಯಿಂಟ್ (ಕಿಡಿ ಬರಲು ಕರೆಂಟನ್ನು ಕಡಿದು ಕೊಡುವ ಲೋಹದ ತುದಿ) ಇರುವ ಹಳೇ ಮಾದರಿಗಳಲ್ಲಿ ಪಾಯಿಂಟ್ ಸುಟ್ಟು ಕಪ್ಪಾಗಿರುತ್ತದೆ. ಉಜ್ಜಿ, ಫೀಲರ್ ಗೇಜಿನಿಂದ ಗ್ಯಾಪ್ ಹೊಂದಿಸಿದರೆ ಎಷ್ಟೋ ಗಾಡಿಗಳು ಅಲ್ಲೇ ಸ್ಟಾರ್ಟ್ ಆಗುತ್ತವೆ. ಮಲೆನಾಡಿನವರು ಜೂನ್ ಬರುವ ಮೊದಲೇ ಕ್ಯಾಪ್ ಮತ್ತು ಪ್ಲಗ್ ವೈರ್ ಒಮ್ಮೆ ಪರೀಕ್ಷಿಸಿಕೊಳ್ಳಬೇಕು.

ಕಿಡಿ ಇದ್ದು ಇಂಜಿನ್ ಹಿಡಿಯದಿದ್ದರೆ ಪೆಟ್ರೋಲ್ ಕಡೆ ತಿರುಗಿ. ಕಾರ್ಬುರೇಟರ್ ಗಾಡಿಯ ಪೆಟ್ರೋಲ್ ಪಂಪ್ ಮೆಕ್ಯಾನಿಕಲ್. ಒಳಗಿನ ರಬ್ಬರ್ ಡಯಾಫ್ರಮ್ ಹರಿದರೆ ಪೆಟ್ರೋಲ್ ಮೇಲೆ ಬರುವುದಿಲ್ಲ. ಎಂಪಿಎಫ್‌ಐಯಲ್ಲಿ ಕೀ ಆನ್ ಮಾಡಿದ ತಕ್ಷಣ ಹಿಂದಿನಿಂದ ಎರಡು ಸೆಕೆಂಡ್ ಗುಂಯ್ ಸದ್ದು ಕೇಳಬೇಕು. ಕೇಳದಿದ್ದರೆ ಪಂಪ್ ಕೊಳ್ಳುವ ಮೊದಲು ಫ್ಯೂಸ್ ಮತ್ತು ರಿಲೇ ನೋಡಿ. ಎಂಪಿಎಫ್‌ಐಯಲ್ಲಿ ಪೆಟ್ರೋಲ್ ಪೈಪಿನಲ್ಲಿ ಒತ್ತಡ ನಿಂತಿರುತ್ತದೆ, ಹಾಗೇ ಬಿಚ್ಚಿದರೆ ಮುಖಕ್ಕೆ ಚಿಮ್ಮುತ್ತದೆ. ಆ ಕೆಲಸ ಹೊಸಬರಿಗೆ ಬೇಡ.

ಪ್ಲಗ್ ನೋಡಿ ಇಂಜಿನ್ನಿನ ಸ್ಥಿತಿ ಹೇಳಬಹುದಂತೆ, ಹೌದಾ?

ಹೌದು, ಮೂರೂ ಪ್ಲಗ್‌ಗಳನ್ನು ಸಿಲಿಂಡರಿನ ಕ್ರಮದಲ್ಲೇ ಸಾಲಾಗಿ ಇಟ್ಟು ನೋಡಿ. ತುದಿ ತಿಳಿಕಂದು ಬಣ್ಣವಿದ್ದರೆ ಒಳ್ಳೆಯದು. ಒಣ ಮಸಿ ಮೆತ್ತಿದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಏರ್ ಫಿಲ್ಟರ್ ಕಟ್ಟಿದೆ. ಎಣ್ಣೆಯಂಥ ಕಪ್ಪು ಅಂಟಿದ್ದರೆ ಆಯಿಲ್ ಒಳಗೆ ಸುಡುತ್ತಿದೆ: ವಾಲ್ವ್ ಸೀಲ್ ಅಥವಾ ಪಿಸ್ಟನ್ ರಿಂಗ್. ಬೆಳ್ಳಗೆ ಸುಣ್ಣದಂತಿದ್ದರೆ ಇಂಜಿನ್ ಅತಿ ಬಿಸಿಯಾಗಿ ಓಡುತ್ತಿದೆ. ಒಂದೇ ಒಂದು ಪ್ಲಗ್ ಬೇರೆ ಥರ ಇದ್ದರೆ ಆ ಸಿಲಿಂಡರಿನಲ್ಲೇ ತೊಂದರೆ ಹುಡುಕಿ.

ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದು. ಇಂಜಿನ್ ತಣ್ಣಗಾದ ಮೇಲೆ ಮಾತ್ರ ಪ್ಲಗ್ ಬಿಚ್ಚಿ, ಬಿಚ್ಚುವ ಮೊದಲು ಗುಂಡಿಯ ಸುತ್ತಲಿನ ಧೂಳು ಊದಿ ತೆಗೆಯಿರಿ. ಹಾಕುವಾಗ ಕೊನೆಯವರೆಗೂ ಕೈಯಲ್ಲೇ ತಿರುಗಿಸಿ, ಹೊಸ ಪ್ಲಗ್ ಆದರೆ ಆಮೇಲೆ ಪಾನಾದಿಂದ ಅರ್ಧ ಸುತ್ತು ಸಾಕು. ಥ್ರೆಡ್ ಹೋದರೆ ಲೇತ್ ಕೆಲಸದವರೆಗೂ ಹೋಗಬೇಕಾಗುತ್ತದೆ. ಹಳಬರು ಈಗಲೂ ಕೇಳುವ ಮೈಕೋ ಪ್ಲಗ್ ಬೆಂಗಳೂರಿನ ಆಡುಗೋಡಿಯ ಕಂಪನಿಯದು; 2008ರಿಂದ ಅದರ ಹೆಸರು ಬಾಷ್.

ಘಾಟಿ ಹತ್ತುವಾಗ ಬಿಸಿಯಾಗುತ್ತೆ. ಥರ್ಮೋಸ್ಟಾಟ್ ತೆಗೆದುಹಾಕಿದರೆ ಸರಿಹೋಗುತ್ತೆ ಅಂತಾರೆ. ತೆಗೆಯಲಾ?

ತೆಗೆಯಬೇಡಿ. ನಮ್ಮ ಗ್ಯಾರೇಜುಗಳಲ್ಲಿ ಅತ್ಯಂತ ಹರಡಿರುವ ತಪ್ಪು ಸಲಹೆ ಇದು. ಥರ್ಮೋಸ್ಟಾಟ್ ಇಲ್ಲದ ಇಂಜಿನ್ ಬೇಕಾದಷ್ಟು ಬೆಚ್ಚಗಾಗಲು ಬಹಳ ಹೊತ್ತು ಹಿಡಿಯುತ್ತದೆ. ತಣ್ಣಗಿನ ಇಂಜಿನ್ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ, ಒಳಗೆ ಬೇಗ ಸವೆಯುತ್ತದೆ. ಬಿಸಿಯಾಗಲು ಇದ್ದ ನಿಜವಾದ ಕಾರಣ ಹಾಗೇ ಉಳಿದಿರುತ್ತದೆ.

ಥರ್ಮೋಸ್ಟಾಟ್ ಮೇಲೆ ಅನುಮಾನವಿದ್ದರೆ ಬಿಚ್ಚಿ, ಪಾತ್ರೆಯ ನೀರಿನಲ್ಲಿ ದಾರದಿಂದ ಇಳಿಬಿಟ್ಟು ಒಲೆಯ ಮೇಲಿಡಿ. ನೀರು ಕುದಿಯುವ ಮೊದಲೇ ಅದು ಬಾಯಿ ತೆರೆಯಬೇಕು, ತಣಿದಾಗ ಮುಚ್ಚಬೇಕು. ತೆರೆಯದಿದ್ದರೆ ಹೊಸದು ಹಾಕಿ. ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ, ಕೂಲೆಂಟ್ ವಿಷ.

ಉಳಿದ ಕಾರಣಗಳನ್ನು ಅಗ್ಗದ್ದರಿಂದ ನೋಡುತ್ತ ಬನ್ನಿ. ಮೊದಲು ರೇಡಿಯೇಟರ್ ಮುಚ್ಚಳ. ಒಳಗೆ ಒತ್ತಡ ಹಿಡಿದಿಟ್ಟು 100 ಡಿಗ್ರಿ ದಾಟಿದರೂ ನೀರು ಕುದಿಯದಂತೆ ಮಾಡುವುದು ಅದೇ. ಅದರ ರಬ್ಬರ್ ಸತ್ತರೆ ನೀರು ಸುಮ್ಮನೆ ಹೊರಹೋಗುತ್ತದೆ. ಆಮೇಲೆ ಫ್ಯಾನ್ ಬೆಲ್ಟ್. ನೀರಿನ ಪಂಪೂ ಡೈನಮೋನೂ ಆ ಒಂದೇ ಬೆಲ್ಟಿನಿಂದ ತಿರುಗುತ್ತವೆ. ಓಡಿಸುವಾಗ ಬ್ಯಾಟರಿ ದೀಪ ಹತ್ತಿಕೊಂಡು ಉಷ್ಣತೆಯ ಮುಳ್ಳೂ ಏರತೊಡಗಿದರೆ ತಕ್ಷಣ ನಿಲ್ಲಿಸಿ, ಬೆಲ್ಟ್ ಹರಿದಿದೆ. ಮೂರನೆಯದು ರೇಡಿಯೇಟರಿನ ಎಲೆಕ್ಟ್ರಿಕ್ ಫ್ಯಾನ್. ಸಿಟಿ ಟ್ರಾಫಿಕ್ಕಿನಲ್ಲಿ ಮಾತ್ರ ಬಿಸಿಯಾಗಿ ಹೈವೇಯಲ್ಲಿ ಸರಿಯಿದ್ದರೆ ಫ್ಯಾನ್ ತಿರುಗುತ್ತಿಲ್ಲ ಎಂದೇ ಊಹಿಸಬಹುದು. ಬ್ಯಾಟರಿಯಿಂದ ಫ್ಯಾನಿಗೆ ನೇರ ಕರೆಂಟ್ ಕೊಟ್ಟು ನೋಡಿ; ತಿರುಗಿದರೆ ಮೋಟಾರ್ ಸರಿ, ಸ್ವಿಚ್ ಅಥವಾ ಫ್ಯೂಸ್ ನೋಡಬೇಕು. ಇದಕ್ಕೆ ತಿರುಗುಮುರುಗಾಗಿ ಹೈವೇಯಲ್ಲಿ ವೇಗ ಹೆಚ್ಚಿಸಿದಾಗ, ಘಾಟಿ ಹತ್ತುವಾಗ ಬಿಸಿಯಾದರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು.

ಇವೆಲ್ಲ ಸರಿಯಿದ್ದೂ ನೀರು ಕಡಿಮೆಯಾಗುತ್ತಲೇ ಇದ್ದರೆ, ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲದೆ ಬಂದರೆ ಹೆಡ್ ಪ್ಯಾಕಿಂಗ್ (ಸಿಲಿಂಡರ್ ಹೆಡ್ ಕೆಳಗಿನ ಗ್ಯಾಸ್ಕೆಟ್) ಹೋಗಿದೆ. ಗಾಡಿ ಓಡಿಸಬೇಡಿ.

ಬಿಸಿಯಾದ ಇಂಜಿನ್ನಿನ ರೇಡಿಯೇಟರ್ ಮುಚ್ಚಳಕ್ಕೆ ಕೈಹಾಕಬೇಡಿ. ಒದ್ದೆ ಬಟ್ಟೆ ಹಾಕಿ ತೆಗೆಯುತ್ತೇನೆ ಎನ್ನುವವರಿಗೂ ಇದೇ ಮಾತು. ಮುಖ ಬೆಂದವರನ್ನು ಗ್ಯಾರೇಜಿನವರೆಲ್ಲ ನೋಡಿರುತ್ತಾರೆ, ಕೇಳಿ ನೋಡಿ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಸೊಟ್ಟಗಾಗುತ್ತದೆ, ಬಿರುಕೂ ಬಿಡುತ್ತದೆ. ನಿಲ್ಲಿಸಿ, ಬಾನೆಟ್ ಎತ್ತಿ, ಮುಕ್ಕಾಲು ಗಂಟೆ ಕಾಯಿರಿ.

ರೇಡಿಯೇಟರಿಗೆ ಬೋರ್ ನೀರು ಹಾಕಬಹುದಾ?

ಕೋಲಾರ, ತುಮಕೂರು, ಚಿತ್ರದುರ್ಗದ ಕಡೆಯ ಬೋರ್ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಲ್ಲ? ರೇಡಿಯೇಟರಿನ ಸಣ್ಣ ಕೊಳವೆಗಳ ಒಳಗೂ ಅದೇ ಕಟ್ಟುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ನೀರಿಗೆ ಕೂಲೆಂಟ್ ಬೆರೆಸಿ ಹಾಕಿ, ಅಥವಾ ಬೆರೆಸಿಯೇ ಬರುವ ಡಬ್ಬಿ ತನ್ನಿ. ದಾರಿಯಲ್ಲಿ ತುರ್ತಿಗೆ ಯಾವ ನೀರು ಹಾಕಿದರೂ ಸರಿಯೇ, ಊರಿಗೆ ಬಂದ ಮೇಲೆ ಖಾಲಿ ಮಾಡಿ ತೊಳೆದುಬಿಡಿ. ಹಳೇ ಕೂಲೆಂಟ್ ಸಿಹಿಯಾಗಿರುತ್ತದೆ. ನಾಯಿ, ದನ ನೆಕ್ಕಿದರೆ ಸಾಯುತ್ತವೆ. ನೆಲಕ್ಕೆ ಚೆಲ್ಲಬೇಡಿ.

ಟೈಮಿಂಗ್ ಬೆಲ್ಟ್ ಯಾವಾಗ?

ಕಿಲೋಮೀಟರ್ ಲೆಕ್ಕ ಗೊತ್ತಿಲ್ಲದಿದ್ದರೆ ಈಗಲೇ. ಓಡದೆ ನಿಂತರೂ ಈ ಬೆಲ್ಟಿಗೆ ವಯಸ್ಸಾಗುತ್ತದೆ. ಹರಿದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಬೆಲ್ಟ್ ಜೊತೆ ಟೆನ್ಷನರ್ ಬೇರಿಂಗನ್ನೂ ಬದಲಿಸಿ, ಆಯಿಲ್ ಸೀಲ್ ಸೋರುತ್ತಿದ್ದರೆ ಅದನ್ನೂ ಆಗಲೇ ಮುಗಿಸಿ. ಗುರುತುಗಳು ಒಂದು ಹಲ್ಲು ತಪ್ಪಿದರೂ ಇಂಜಿನ್ ಸರಿಯಾಗಿ ಓಡದು. ಆದ್ದರಿಂದ ಕೆಲಸ ಕಲಿಯುವ ಮೊದಲ ವರ್ಷ ಇದಕ್ಕೆ ನೀವೇ ಕೈಹಾಕಬೇಡಿ, ಗ್ಯಾರೇಜಿನಲ್ಲಿ ಮಾಡಿಸಿ.

ಕಾರ್ಬುರೇಟರ್ ನಾನೇ ಬಿಚ್ಚಿ ತೊಳೆಯಬಹುದಾ?

ತೊಳೆಯಬಹುದು, ಆದರೆ ಅದಕ್ಕೂ ಮೊದಲು ವ್ಯಾಕ್ಯೂಮ್ ಪೈಪುಗಳನ್ನು ನೋಡಿ. ಐಡಲ್ ನಿಲ್ಲುವುದಿಲ್ಲ, ಪಿಕಪ್ ಇಲ್ಲ ಎಂದು ಕಾರ್ಬುರೇಟರ್ ಬಿಚ್ಚಿಸಿಕೊಂಡ ಗಾಡಿಗಳಲ್ಲಿ ಬೆರಳುದ್ದದ ಬಿರುಕುಬಿಟ್ಟ ಪೈಪೊಂದೇ ಕಾರಣವಾಗಿರುವುದು ಬಹಳ ಸಲ. ಬಿಚ್ಚುವುದೇ ಆದರೆ ಪ್ರತಿ ಹೆಜ್ಜೆಗೂ ಫೋನಿನಲ್ಲಿ ಫೋಟೋ ತೆಗೆಯಿರಿ, ಹೊಸ ಪ್ಯಾಕಿಂಗ್ ಕಿಟ್ ಮೊದಲೇ ತಂದಿಟ್ಟುಕೊಳ್ಳಿ. ಜೆಟ್ಟಿನ ತೂತಿಗೆ ತಂತಿ, ಸೂಜಿ ಹಾಕಬೇಡಿ. ಕ್ಲೀನರ್ ಸ್ಪ್ರೇ ಮತ್ತು ಗಾಳಿ ಸಾಕು. ಮಿಕ್ಸ್‌ಚರ್ ಸ್ಕ್ರೂ ಬಿಚ್ಚುವ ಮೊದಲು ಒಳಮುಖವಾಗಿ ಎಷ್ಟು ಸುತ್ತು ಹೋಗುತ್ತದೆ ಎಂದು ಎಣಿಸಿ ಬರೆದಿಡಿ. ಕೊನೆಗೆ ಎಮಿಷನ್ ಟೆಸ್ಟ್ ಕೇಂದ್ರಕ್ಕೆ ಹೋಗಿ ಕಾರ್ಬನ್ ಮಾನಾಕ್ಸೈಡ್ ಎಷ್ಟಿದೆ ನೋಡಿಕೊಂಡು ಸ್ಕ್ರೂ ಹೊಂದಿಸಿದರೆ ಕಿವಿಯ ಅಂದಾಜಿಗಿಂತ ಚೆನ್ನಾಗಿ ಕೂರುತ್ತದೆ.

ಇ20 ಪೆಟ್ರೋಲ್ ಹಳೇ ಗಾಡಿಗೆ ಹಾನಿಯಾ?

ಇ20 (ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್) ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲೇ. 800 ತಯಾರಾದದ್ದು ಇಷ್ಟು ಎಥನಾಲ್ ಬೆರೆತ ಪೆಟ್ರೋಲಿಗಲ್ಲ. ಹಳೇ ರಬ್ಬರ್ ಹೋಸ್, ಪಂಪಿನ ಡಯಾಫ್ರಮ್, ಕಾರ್ಬುರೇಟರಿನ ಸೀಲುಗಳು ಅದರಲ್ಲಿ ಊದಿ ಬೇಗ ಹಾಳಾಗಬಹುದು. ಎಥನಾಲ್ ತೇವ ಹೀರುತ್ತದೆ, ಹಾಗಾಗಿ ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕಿನಲ್ಲಿ ತುಕ್ಕಿಗೆ ದಾರಿ. ಅದರಲ್ಲಿ ಶಕ್ತಿಯೂ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ, ಮೈಲೇಜ್ ಒಂದಿಷ್ಟು ಇಳಿಯುತ್ತದೆ. ಎಥನಾಲ್ ತಡೆಯುವ ಹೊಸ ಹೋಸ್ ಮತ್ತು ಒಳ್ಳೆಯ ಕ್ಲಿಪ್ ಹಾಕುವುದು, ಪೆಟ್ರೋಲ್ ಫಿಲ್ಟರ್ ಬೇಗ ಬದಲಿಸುವುದು, ಗಾಡಿಯನ್ನು ವಾರಕ್ಕೊಮ್ಮೆಯಾದರೂ ಓಡಿಸುವುದು ನಮ್ಮ ಕೈಯಲ್ಲಿದೆ. ಪೆಟ್ರೋಲ್ ವಾಸನೆ ಬಂದರೆ ಅದೇ ದಿನ ಸೋರುವ ಜಾಗ ಹುಡುಕಿ.

ಬ್ರೇಕ್ ಕೆಲಸ ಮನೆಯಲ್ಲಿ ಮಾಡಬಹುದಾ?

ಕಲಿತ ಮೇಲೆ. ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಇದೆ. ಒತ್ತಿ ಹಿಡಿದಾಗ ನಿಧಾನಕ್ಕೆ ಕೆಳಗಿಳಿಯುತ್ತ ಹೋದರೆ ಎಲ್ಲೋ ಸೋರುತ್ತಿದೆ ಅಥವಾ ಮಾಸ್ಟರ್ ಸಿಲಿಂಡರ್ ಹೋಗಿದೆ. ಗಾಡಿ ಒಂದು ಕಡೆಗೆ ಎಳೆದರೆ ಯಾವುದೋ ಗಾಲಿಯ ಬ್ರೇಕ್ ಹಿಡಿಯುತ್ತಿಲ್ಲ ಅಥವಾ ಬಿಡುತ್ತಿಲ್ಲ.

ಎಲ್ಲರೂ ಮರೆಯುವುದು ಬ್ರೇಕ್ ಆಯಿಲ್. ಅದು ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ಆಯಿಲ್ ಕುದಿಯುವುದು 205 ಡಿಗ್ರಿ ಅಥವಾ ಅದಕ್ಕೂ ಮೇಲೆ. ತೇವ ಹೀರಿದ ಮೇಲೆ 140ರವರೆಗೂ ಇಳಿಯುತ್ತದೆ. ಆಗುಂಬೆಯ ತಿರುವುಗಳನ್ನು ಬರಿ ಬ್ರೇಕಿನ ಮೇಲೆ ಇಳಿದರೆ ಆ ಬಿಸಿ ಬಂದೇ ಬರುತ್ತದೆ. ಆಯಿಲ್ ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ಘಾಟಿಯನ್ನು ಸೆಕೆಂಡ್ ಗೇರಿನಲ್ಲಿ ಇಳಿಯಿರಿ. ತೆರೆದು ಉಳಿದ ಹಳೇ ಡಬ್ಬಿಯನ್ನು ಬಳಸಬೇಡಿ. ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ.

ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಊದಬೇಡಿ. ಹಳೇ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಮಾಸ್ಕ್ ಹಾಕಿ ಒದ್ದೆ ಬಟ್ಟೆಯಿಂದ ಒರೆಸಿ. ಒಂದು ಕಡೆ ಬಿಚ್ಚಿದಾಗ ಇನ್ನೊಂದು ಕಡೆಯನ್ನು ಬಿಚ್ಚದೆ ಇಡಿ, ಸ್ಪ್ರಿಂಗ್ ಎಲ್ಲಿತ್ತು ಎಂದು ನೋಡಿಕೊಳ್ಳಲು. ಕೆಲಸ ಮುಗಿದ ಮೇಲೆ ಗಾಡಿ ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ, ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ಪರೀಕ್ಷಿಸಿ.

ಗೇರ್ ಹಾಕುವಾಗ ಕರ್ ಅನ್ನುತ್ತೆ. ಕ್ಲಚ್ ಪ್ಲೇಟ್ ಹೋಯ್ತಾ?

ಕೇಬಲ್ ನೋಡಿ ಮೊದಲು. 800ರ ಕ್ಲಚ್ ಕೇಬಲ್ಲಿನದು; ಅದು ಸಡಿಲವಾದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರ್ ಕರಕರ ಎನ್ನುತ್ತದೆ. ಅಡ್ಜಸ್ಟ್ ಮಾಡುವ ನಟ್ ತಿರುಗಿಸಿ, ಪೆಡಲಿನಲ್ಲಿ ಎರಡು ಸೆಂಟಿಮೀಟರಿನಷ್ಟು ಸಡಿಲ ಉಳಿಸಿ. ಆಕ್ಸಿಲರೇಟರ್ ಕೊಟ್ಟಾಗ ಇಂಜಿನ್ ಸದ್ದು ಏರಿ ಗಾಡಿ ಮಾತ್ರ ಮುಂದೆ ಹೋಗದಿದ್ದರೆ ಆಗ ಪ್ಲೇಟಿನ ಮಾತು.

ಕರಾವಳಿಯಲ್ಲಿದ್ದೇವೆ, ತುಕ್ಕು ನಿಲ್ಲುತ್ತಿಲ್ಲ.

ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಗೆ 800ರ ತೆಳು ತಗಡು ಸುಲಭದ ತುತ್ತು. ಬಾಗಿಲ ಕೆಳಗೆ ನೀರು ಹೋಗುವ ತೂತುಗಳಿರುತ್ತವೆ, ಮಣ್ಣು ಕಟ್ಟಿದ್ದರೆ ಬಿಡಿಸಿ. ವೈಪರ್ ಕೆಳಗಿನ ಜಾಗದಲ್ಲಿ ಒಣ ಎಲೆ ತುಂಬಿದರೆ ನೀರು ಒಳಗೆ ಇಳಿದು ನೆಲದ ಮ್ಯಾಟ್ ಕೆಳಗೆ ನಿಲ್ಲುತ್ತದೆ. ಮಳೆಗಾಲದಲ್ಲಿ ಮ್ಯಾಟ್ ಎತ್ತಿ ಕೈಯಿಟ್ಟು ನೋಡಿ. ಮೇಲ್ಮೈ ತುಕ್ಕನ್ನು ಬರಿ ಲೋಹ ಕಾಣುವವರೆಗೆ ಉಜ್ಜಿ ಪ್ರೈಮರ್, ಪೇಂಟ್ ಹೊಡೆಯಬಹುದು. ಸಸ್ಪೆನ್ಷನ್ ಕೂರುವ ಜಾಗ, ಸೀಟ್ ಬೆಲ್ಟ್ ಬೋಲ್ಟಿನ ಜಾಗ ತೂತುಬಿದ್ದಿದ್ದರೆ ಪುಟ್ಟಿ ಮೆತ್ತಿ ಮುಚ್ಚಬೇಡಿ. ಒಳ್ಳೆಯ ಟಿಂಕರ್ ಹತ್ತಿರ ಹೊಸ ತಗಡು ವೆಲ್ಡ್ ಮಾಡಿಸಿ.

ಇಲಿ ವೈರ್ ಕಡಿಯುತ್ತೆ. ಏನು ಮಾಡಲಿ?

ಗಾಡಿಯನ್ನು ಒಂದೇ ಜಾಗದಲ್ಲಿ ಹೆಚ್ಚು ದಿನ ನಿಲ್ಲಿಸದಿರುವುದೇ ಉತ್ತಮ ಮದ್ದು. ಗಾಡಿಯೊಳಗೆ ತಿಂಡಿಯ ಚೂರು ಬಿಡಬೇಡಿ. ಏರ್ ಫಿಲ್ಟರ್ ಡಬ್ಬಿಯಲ್ಲಿ ಗೂಡು ಕಟ್ಟಿರುತ್ತವೆ, ತೆರೆದು ನೋಡಿ. ಕಡಿದ ವೈರನ್ನು ಬರಿ ತಿರುಚಿ ಟೇಪ್ ಸುತ್ತಬೇಡಿ. ಸಾಲ್ಡರ್ ಮಾಡಿ ಹೀಟ್ ಶ್ರಿಂಕ್ ಹಾಕಿ. ಸುಟ್ಟ ಫ್ಯೂಸಿನ ಜಾಗಕ್ಕೆ ದೊಡ್ಡ ಫ್ಯೂಸ್, ತಾಮ್ರದ ತಂತಿ ಹಾಕಿದರೆ ಗಾಡಿಗೆ ಬೆಂಕಿ ಹತ್ತುತ್ತದೆ.

ಪಾರ್ಟ್ಸ್ ಇನ್ನೂ ಸಿಗುತ್ತಾ?

ದಿನಬಳಕೆಯ ಪಾರ್ಟ್ಸ್ ಚೆನ್ನಾಗಿ ಸಿಗುತ್ತವೆ. ಬೆಂಗಳೂರಿನಲ್ಲಿ ಜೆ.ಸಿ. ರಸ್ತೆಯ ಅಂಗಡಿಗಳು, ಹಳೇ ಬಾಡಿ ಪಾರ್ಟುಗಳಿಗೆ ಶಿವಾಜಿನಗರದ ಗುಜರಿ. ಹಳೇ ಪಾರ್ಟನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಮಾದರಿಯ ವರ್ಷವನ್ನೂ ಕಾರ್ಬುರೇಟರೋ ಎಂಪಿಎಫ್‌ಐಯೋ ಎಂಬುದನ್ನೂ ಹೇಳಿ. ಬ್ರೇಕ್, ಸ್ಟೀರಿಂಗ್, ಟೈಮಿಂಗ್ ಬೆಲ್ಟ್ ಇವುಗಳಲ್ಲಿ ಅಗ್ಗದ್ದು ಹುಡುಕಬೇಡಿ, ಗುಜರಿಯದ್ದಂತೂ ಬೇಡವೇ ಬೇಡ. ಬಾಗಿಲ ಹಿಡಿ, ಗ್ಲಾಸ್, ಡ್ಯಾಶ್‌ಬೋರ್ಡ್, ಬಂಪರ್ ಗುಜರಿಯಲ್ಲಿ ತಗೊಳ್ಳಲು ಅಡ್ಡಿಯಿಲ್ಲ.

ಬೋಲ್ಟ್ ಜಾಮ್ ಆಗಿದೆ.

ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಹದವಾಗಿ ತಟ್ಟಿ, ಮೊದಲು ಸ್ವಲ್ಪ ಬಿಗಿಯುವ ಕಡೆಗೆ, ಆಮೇಲೆ ಬಿಚ್ಚುವ ಕಡೆಗೆ ತಿರುಗಿಸಿ. ಅವಸರ ಮಾಡಿದರೆ ತಲೆ ಮುರಿಯುತ್ತದೆ.

ಯಾವ ಕೆಲಸ ಮೆಕ್ಯಾನಿಕ್‌ಗೇ ಬಿಡಬೇಕು?

ಹೆಡ್ ಫೇಸಿಂಗ್, ಇಂಜಿನ್ ಬೋರಿಂಗ್, ಗೇರ್ ಬಾಕ್ಸ್ ಒಳಗಿನ ಕೆಲಸ, ಸ್ಪ್ರಿಂಗ್ ಅದುಮಿ ಬಿಚ್ಚಬೇಕಾದ ಮುಂದಿನ ಸ್ಟ್ರಟ್, ವ್ಹೀಲ್ ಅಲೈನ್‌ಮೆಂಟ್, ಚಾಸಿ ವೆಲ್ಡಿಂಗ್. ಎಲ್‌ಪಿಜಿ ಅಥವಾ ಸಿಎನ್‌ಜಿ ಕಿಟ್ ಇದ್ದರೆ ಅದರ ಒಂದು ನಟ್ಟನ್ನೂ ಮುಟ್ಟಬೇಡಿ. ನಂಬಿಕೆಯ ಮೆಕ್ಯಾನಿಕ್ ಒಬ್ಬರನ್ನು ಹತ್ತಿರವಿಟ್ಟುಕೊಳ್ಳಿ. ಪುಕ್ಕಟೆ ಸಲಹೆ ಕೇಳಿ ಕೇಳಿ ಬೇಸರ ತರಿಸದೆ ದೊಡ್ಡ ಕೆಲಸಗಳನ್ನು ಅವರಿಗೇ ಕೊಡಿ. ನಿಮಗೆ ಕೆಲಸ ಗೊತ್ತಿದೆ, ನೋಡಿಕೊಳ್ಳುತ್ತೀರಿ ಎಂದು ತಿಳಿದಾಗ ಅವರೂ ಮನಸ್ಸಿಟ್ಟು ಕಲಿಸುತ್ತಾರೆ.

15 ವರ್ಷ ಆದ ಗಾಡಿ ಇಟ್ಟುಕೊಳ್ಳಬಹುದಾ?

ದೆಹಲಿಯಲ್ಲಿರುವಂಥ 15 ವರ್ಷದ ಕಟ್ಟುಪಾಡು ಕರ್ನಾಟಕದಲ್ಲಿಲ್ಲ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿದ ಮೇಲೆ ಆರ್‌ಟಿಓದಲ್ಲಿ ಗಾಡಿ ತೋರಿಸಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿದೆ. 20 ವರ್ಷ ದಾಟಿದ ಗಾಡಿಗೆ ಇನ್ನೂ ಹೆಚ್ಚು. ಹೋಗುವ ಮೊದಲು ಎಲ್ಲ ದೀಪ, ಇಂಡಿಕೇಟರ್, ಹಾರ್ನ್, ವೈಪರ್, ಹ್ಯಾಂಡ್‌ಬ್ರೇಕ್, ಟೈರ್ ನೀವೇ ನೋಡಿಕೊಂಡರೆ ಎರಡನೇ ಸಲ ಅಲೆಯುವುದು ತಪ್ಪುತ್ತದೆ.

ತೆಗೆದ ಹಳೇ ಆಯಿಲ್ ಏನು ಮಾಡಲಿ?

ಅದೇ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದು, ಹಳೇ ಆಯಿಲ್ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಗ್ಯಾರೇಜಿಗೆ ಕೊಡಿ. ಚರಂಡಿಗೆ, ತೋಟದ ಬದಿಗೆ ಸುರಿಯಬೇಡಿ. ಬಾವಿಯ ನೀರಿಗೆ ಇಳಿಯುತ್ತದೆ. ಗೆದ್ದಲಿಗೆಂದು ಕೊಟ್ಟಿಗೆಯ ಕಂಬಕ್ಕೆ ಬಳಿಯುವ ರೂಢಿ ಹಳ್ಳಿಗಳಲ್ಲಿದೆ, ಅದೂ ಬೇಡ: ದನ ಆ ಕಂಬವನ್ನು ನೆಕ್ಕುತ್ತದೆ, ಸುಟ್ಟ ಆಯಿಲ್‌ನಲ್ಲಿ ಲೋಹದ ಪುಡಿಯೂ ವಿಷವೂ ಇರುತ್ತದೆ. ನಿಮ್ಮ ಕೈಗೂ ಅದು ಒಳ್ಳೆಯದಲ್ಲ. ಗ್ಲೌಸ್ ಹಾಕಿಕೊಳ್ಳಿ, ಕೈಗೆ ಮೆತ್ತಿದರೆ ಪೆಟ್ರೋಲಿನಲ್ಲಿ ತೊಳೆಯದೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಒರೆಸಿ, ಆಮೇಲೆ ಸೋಪು ಹಾಕಿ. ಹಳೇ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಯಲ್ಲೇ ಕೊಟ್ಟರೆ ಬೆಲೆಯಲ್ಲಿ ಕಳೆದುಕೊಳ್ಳುತ್ತಾರೆ.